ಕೆಂಪುಗಿವಿಯ ಆಮೆಯನ್ನು ಮನೆಯಲ್ಲಿ ಸಾಕುವ ಕ್ರಮ

ಅಲಂಕಾರಿಕ ಮೀನುಗಳನ್ನು ಮಾರುವ ಅಂಗಡಿಗಳಲ್ಲಿ ಹತ್ತು ರೂಪಾಯಿ ನಾಣ್ಯಕ್ಕಿಂತ ಚೂರೇ ದೊಡ್ಡದಾದ, ಎಳೆಹಸಿರು ಬಣ್ಣದ ಆಮೆಮರಿಯೊಂದು ಗಾಜಿನ ಬಟ್ಟಲಿನಲ್ಲಿ ಕಾಲಾಡಿಸುತ್ತಿರುವುದನ್ನು ಕಂಡು ಮಕ್ಕಳು ಹಠ ಹಿಡಿಯುತ್ತಾರೆ, ಮನೆಗೆ ಶುಭವೆಂದು ನಂಬಿ ಹಿರಿಯರೂ ಕೊಂಡು ತರುತ್ತಾರೆ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಈ ಆಮೆಯ ಹೆಸರು ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು ಮತ್ತು ಉತ್ತರ ಮೆಕ್ಸಿಕೊ ಇದರ ತವರು. ಅಂಗಡಿಯವರು ಸಾಮಾನ್ಯವಾಗಿ ಹೇಳದೆ ಬಿಡುವ ಎರಡು ಸಂಗತಿಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಒಂದು, ಈ ಮರಿ ಬೆಳೆದು ಹೆಣ್ಣಾದರೆ 25ರಿಂದ 30 ಸೆಂ.ಮೀ., ಗಂಡಾದರೆ 15ರಿಂದ 20 ಸೆಂ.ಮೀ. ಉದ್ದವಾಗುತ್ತದೆ. ಎರಡು, ಸರಿಯಾಗಿ ನೋಡಿಕೊಂಡರೆ ಅದು 25–30 ವರ್ಷ ಬದುಕುತ್ತದೆ. ಇಂದು ಐದನೆಯ ತರಗತಿಯಲ್ಲಿರುವ ಮಗುವಿಗಾಗಿ ತಂದ ಆಮೆಯನ್ನು, ಆ ಮಗು ಓದು ಮುಗಿಸಿ ಬೇರೆ ಊರಿಗೆ ಹೋದ ಮೇಲೂ ತಂದೆ ತಾಯಿಯೇ ನೋಡಿಕೊಳ್ಳಬೇಕಾಗುತ್ತದೆ.

ಸಾಕಿದ ಆಮೆಗಳು ಬೇಗ ಸಾಯುವುದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಸೋಂಕುಗಳಿಗಿಂತ ಅವುಗಳನ್ನು ಇರಿಸಿದ ಜಾಗವೇ ಕಾರಣ. ಶುದ್ಧವಾದ, ಸಾಕಷ್ಟು ಆಳದ ನೀರು, ಮೈ ಪೂರ್ತಿ ಒಣಗಿಸಿಕೊಳ್ಳಲು ಬೆಚ್ಚಗಿನ ಒಣಜಾಗ, ನೇರಳಾತೀತ ಕಿರಣಗಳುಳ್ಳ ಬೆಳಕು, ಸುಣ್ಣಾಂಶವಿರುವ ಆಹಾರ ಇವಿಷ್ಟು ಸರಿಯಾಗಿದ್ದರೆ ಆಮೆಗೆ ವೈದ್ಯರ ಅಗತ್ಯ ಅಪರೂಪವಾಗಿಯೇ ಬೀಳುತ್ತದೆ. ಈ ವ್ಯವಸ್ಥೆಯಿಲ್ಲದ ಕಡೆ ಎಷ್ಟು ಪ್ರೀತಿಯಿಂದ ಸಾಕಿದರೂ ಅದು ನಿಧಾನವಾಗಿ ಸೊರಗುತ್ತದೆ. ಸೊರಗುತ್ತಿರುವುದು ನಮ್ಮ ಗಮನಕ್ಕೆ ಬರುವುದೂ ಬಹಳ ತಡವಾಗಿಯೇ.

ತರುವ ಮುನ್ನ ಕಾನೂನಿನ ವಿಷಯ ತಿಳಿದಿರಲಿ. ನಮ್ಮ ಕೆರೆ, ಬಾವಿ, ಗದ್ದೆಗಳಲ್ಲಿ ಕಾಣಸಿಗುವ ಕಪ್ಪು ಆಮೆ ಮತ್ತು ಮೆದುಚಿಪ್ಪಿನ ಆಮೆಗಳನ್ನಾಗಲಿ, ಕೋಲಾರದ ಕಡೆಯ ಕುರುಚಲು ಕಾಡುಗಳಲ್ಲಿರುವ ನಕ್ಷತ್ರ ಆಮೆಯನ್ನಾಗಲಿ ಹಿಡಿದು ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮಳೆಗಾಲದಲ್ಲಿ ರಸ್ತೆ ದಾಟುತ್ತಿರುವ ಆಮೆ ಸಿಕ್ಕಿದರೆ ಅದು ಹೊರಟಿದ್ದ ದಿಕ್ಕಿನಲ್ಲೇ ರಸ್ತೆಯ ಆಚೆ ಬದಿಗೆ ಬಿಟ್ಟು ಬರಬೇಕೇ ಹೊರತು ಮನೆಗೆ ತರಬಾರದು. ವಿದೇಶಿ ಜೀವಿಗಳ ಸಾಕಣೆಯ ನಿಯಮಗಳೂ ಇತ್ತೀಚಿನ ವರ್ಷಗಳಲ್ಲಿ ಬಿಗಿಯಾಗುತ್ತಿವೆ. 1972ರ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿದೆ. ಆದ್ದರಿಂದ ಕೊಳ್ಳುವ ಮೊದಲು ಹತ್ತಿರದ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಕೊಂಡಾಗ ರಸೀದಿ ಪಡೆದು ಇಟ್ಟುಕೊಳ್ಳಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅಂಗಡಿಯಿಂದ ಹೊಸ ಮರಿಯನ್ನು ತರುವುದಕ್ಕಿಂತ, ಸಾಕಲಾರದೆ ಯಾರೋ ಬಿಟ್ಟುಕೊಡಲು ಸಿದ್ಧರಿರುವ ಬೆಳೆದ ಆಮೆಯನ್ನು ತಂದು ಸಾಕುವುದೇ ಮೇಲು. ಅಂಥ ಆಮೆಗಳು ದೊಡ್ಡ ಊರುಗಳಲ್ಲಿ ಬೇಕಾದಷ್ಟಿವೆ.

ನೀರಿನ ತೊಟ್ಟಿ

ಪ್ಲಾಸ್ಟಿಕ್ ತೆಂಗಿನ ಮರ ನೆಟ್ಟ ಪುಟ್ಟ ಡಬ್ಬಿಯನ್ನು ಆಮೆಯ ಮನೆಯೆಂದು ಮಾರುತ್ತಾರೆ. ಅದನ್ನು ಕೊಳ್ಳಲೇಬೇಡಿ. ಚಿಕ್ಕ ಡಬ್ಬಿಯಲ್ಲಿಟ್ಟರೆ ಆಮೆ ಚಿಕ್ಕದಾಗಿ, ಆರೋಗ್ಯವಾಗಿಯೇ ಉಳಿಯುತ್ತದೆಂಬ ಮಾತು ಸುಳ್ಳು. ಅಲ್ಲಿ ಅದರ ಬೆಳವಣಿಗೆ ಕುಂಠಿತವಾಗಿ, ಚಿಪ್ಪು ಸೊಟ್ಟಗಾಗಿ, ಆಯಸ್ಸು ಕಡಿಮೆಯಾಗುತ್ತದೆ. ಅನುಭವಿಗಳು ಪಾಲಿಸುವ ಲೆಕ್ಕ ಸರಳವಾಗಿದೆ: ಚಿಪ್ಪಿನ ಉದ್ದದ ಪ್ರತಿ ಸೆಂಟಿಮೀಟರಿಗೆ ಸುಮಾರು 15 ಲೀಟರ್ ನೀರು. ಹತ್ತು ಸೆಂ.ಮೀ. ಆಮೆಗೆ 150 ಲೀಟರ್, ಇಪ್ಪತ್ತು ಸೆಂ.ಮೀ. ಆಮೆಗೆ 300 ಲೀಟರ್. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೆ ಸುಮಾರು 255 ಲೀಟರ್ ಹಿಡಿಯುತ್ತದೆ. ಆದರೆ ಆಮೆ ಹತ್ತಿ ಹೊರಗೆ ಬೀಳದಂತೆ ಮೇಲೆ ಗೇಣಷ್ಟು ಜಾಗ ಬಿಡಬೇಕಾದ್ದರಿಂದ ನಿಜವಾಗಿ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೊ ಎಂಬುದನ್ನು ಮರೆತು ಇಷ್ಟು ದೊಡ್ಡ ತೊಟ್ಟಿಯನ್ನು ಸಾಮಾನ್ಯ ಮೇಜಿನ ಮೇಲಿಟ್ಟರೆ ಅಪಾಯ. ಕಬ್ಬಿಣದ ಗಟ್ಟಿ ಸ್ಟ್ಯಾಂಡ್ ಮಾಡಿಸಬೇಕು, ಇಲ್ಲವೆ ನೆಲದ ಮೇಲೆಯೇ ಇಡಬೇಕು.

ಗಾಜಿನ ತೊಟ್ಟಿಯೇ ಬೇಕೆಂದೇನೂ ಇಲ್ಲ. ನನ್ನ ಅಭಿಪ್ರಾಯದಲ್ಲಿ, ನೋಡಲು ಅಷ್ಟು ಅಂದವಾಗಿರದಿದ್ದರೂ, ನೀರು ಸಂಗ್ರಹಿಸಲು ಬಳಸುವ ಅಗಲ ಬಾಯಿಯ ದೊಡ್ಡ ಪ್ಲಾಸ್ಟಿಕ್ ಟಬ್ಬು ಆಮೆಗೂ ಜೇಬಿಗೂ ಹೆಚ್ಚು ಹಿತ. ಅದೇ ಹಣಕ್ಕೆ ಎರಡು ಪಟ್ಟು ನೀರು ಸಿಗುತ್ತದೆ, ಒಡೆಯುವ ಭಯವಿಲ್ಲ, ಮತ್ತು ನಾಲ್ಕೂ ಕಡೆ ಮರೆಯಿರುವುದರಿಂದ ಅಂಜುಬುರುಕ ಮರಿಗಳು ಬೇಗ ಒಗ್ಗಿಕೊಳ್ಳುತ್ತವೆ. ತಾರಸಿಯಲ್ಲೋ ಹಿತ್ತಲಲ್ಲೋ ಸಿಮೆಂಟಿನ ತೊಟ್ಟಿ ಕಟ್ಟಿಸುವುದಾದರೆ, ಹೊಸ ಸಿಮೆಂಟಿನಿಂದ ಸುಣ್ಣ ಬಿಟ್ಟು ನೀರು ಕ್ಷಾರವಾಗುವುದರಿಂದ, ಎರಡು ಮೂರು ವಾರಗಳ ಕಾಲ ನೀರು ತುಂಬಿ ಚೆಲ್ಲುವುದನ್ನು ಮತ್ತೆ ಮತ್ತೆ ಮಾಡಿದ ಮೇಲೆಯೇ ಆಮೆಯನ್ನು ಬಿಡಬೇಕು. ಹದ್ದು, ಕಾಗೆ, ಬೆಕ್ಕು, ಹೆಗ್ಗಣಗಳಿಗೆ ಅಂಗೈಯಗಲದ ಆಮೆ ಸುಲಭದ ತುತ್ತು. ಆದ್ದರಿಂದ ಮೇಲೆ ಗಟ್ಟಿಯಾದ ಜಾಲರಿ ಮುಚ್ಚಲೇಬೇಕು. ತೊಟ್ಟಿಯ ಅರ್ಧ ಭಾಗಕ್ಕೆ ಇಡೀ ದಿನ ನೆರಳಿರಬೇಕು.

ನೀರು ಆಳವಿದ್ದರೆ ಆಮೆ ಮುಳುಗಿ ಸಾಯುತ್ತದೆಂದು ಹೆದರಿ ಎರಡು ಬೆರಳು ನೀರಿನಲ್ಲಿಡುವವರಿದ್ದಾರೆ. ಇದು ಈಜುವ ಪ್ರಾಣಿ. ಆರೋಗ್ಯವಾಗಿರುವ ಮರಿಯೂ ಚೆನ್ನಾಗಿ ಈಜುತ್ತದೆ. ಆಳ ಅದರ ಚಿಪ್ಪಿನ ಉದ್ದದ ಒಂದೂವರೆ ಪಟ್ಟಿಗಿಂತ ಕಡಿಮೆಯಿರಬಾರದು. ಅಂಗಾತ ಬಿದ್ದ ಆಮೆ ಮೈ ತಿರುಗಿಸಿಕೊಳ್ಳಲಾಗದಷ್ಟು ಕಡಿಮೆ ನೀರಿದ್ದರೆ, ನಿಜವಾದ ಅಪಾಯವಿರುವುದು ಅಲ್ಲಿಯೇ. ಕಾಲು ಸಿಕ್ಕಿಹಾಕಿಕೊಳ್ಳುವಂಥ ಅಲಂಕಾರದ ಸಾಮಾನುಗಳನ್ನೂ, ಬಾಯಿಗೆ ಹಿಡಿಸುವಷ್ಟು ಚಿಕ್ಕ ಬಣ್ಣದ ಕಲ್ಲುಗಳನ್ನೂ ತೊಟ್ಟಿಯೊಳಗೆ ಹಾಕಬಾರದು. ಆಮೆ ಕಲ್ಲನ್ನು ನುಂಗಿದರೆ ಕರುಳು ಕಟ್ಟುತ್ತದೆ. ತಳದಲ್ಲಿ ಏನೂ ಇಲ್ಲದಿದ್ದರೆ ತೊಳೆಯುವುದಕ್ಕೂ ಅನುಕೂಲ; ಕಲ್ಲು ಬೇಕೆನಿಸಿದರೆ ಆಮೆಯ ತಲೆಗಿಂತ ದೊಡ್ಡದಾದ ನುಣುಪಾದ ಹೊಳೆಗಲ್ಲುಗಳನ್ನು ಇಡಬಹುದು.

ನೀರಿನ ಶುದ್ಧಿ

ಆಮೆ ಅದೇ ನೀರಿನಲ್ಲಿ ತಿನ್ನುತ್ತದೆ, ಅದೇ ನೀರಿನಲ್ಲಿ ವಿಸರ್ಜಿಸುತ್ತದೆ, ಅದೇ ನೀರನ್ನು ಕುಡಿಯುತ್ತದೆ. ಅಷ್ಟೇ ಗಾತ್ರದ ಮೀನಿಗಿಂತ ಅದು ಮಾಡುವ ಗಲೀಜು ಬಹಳ ಹೆಚ್ಚು. ಆದ್ದರಿಂದ ಫಿಲ್ಟರ್ ಕೊಳ್ಳುವಾಗ ಡಬ್ಬಿಯ ಮೇಲೆ ಬರೆದಿರುವ ಸಾಮರ್ಥ್ಯವನ್ನು ನಂಬದೆ, ನಿಮ್ಮಲ್ಲಿರುವ ನೀರಿನ ಎರಡು ಮೂರು ಪಟ್ಟು ಪ್ರಮಾಣಕ್ಕೆಂದು ತಯಾರಾದುದನ್ನು ಆರಿಸಬೇಕು. 200 ಲೀಟರ್ ತೊಟ್ಟಿಗೆ 400ರಿಂದ 600 ಲೀಟರಿನ ಫಿಲ್ಟರ್ ಬೇಕು. ತೊಟ್ಟಿಯ ಹೊರಗೆ ಕೆಳಗಡೆ ಇಡುವ ಕ್ಯಾನಿಸ್ಟರ್ ಫಿಲ್ಟರ್ ದುಬಾರಿಯಾದರೂ ಈ ಕೆಲಸಕ್ಕೆ ಎಲ್ಲಕ್ಕಿಂತ ತಕ್ಕದ್ದು.

ಫಿಲ್ಟರಿನ ಮುಖ್ಯ ಕೆಲಸ ಕಸ ಹಿಡಿಯುವುದಷ್ಟೇ ಅಲ್ಲ. ಆಮೆಯ ಹೊಲಸಿನಿಂದ ಹುಟ್ಟುವ ಅಮೋನಿಯ ಕಣ್ಣಿಗೂ ಚರ್ಮಕ್ಕೂ ಉರಿ ತರುವ ವಿಷ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟಾಗಿಯೂ, ಬಳಿಕ ಅಷ್ಟಾಗಿ ಕೆಡುಕು ಮಾಡದ ನೈಟ್ರೇಟಾಗಿಯೂ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗುವುದರಿಂದ ಆ ಅವಧಿಯಲ್ಲಿ ನೀರನ್ನು ಹೆಚ್ಚು ಸಲ ಬದಲಿಸಬೇಕು. ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತಿಕ್ಕಿ ಬೆಳ್ಳಗೆ ತೊಳೆದರೆ ಕ್ಲೋರಿನ್ನಿನಿಂದ ಅವೆಲ್ಲ ಸತ್ತು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಅದರ ಬದಲು ತೊಟ್ಟಿಯಿಂದ ತೆಗೆದ ಒಂದು ಬಕೆಟ್ ಹಳೆಯ ನೀರಿನಲ್ಲಿ ಎರಡು ಮೂರು ಸಲ ಹಿಂಡಿದರೆ ಸಾಕು. ವಾರಕ್ಕೊಮ್ಮೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ನೀರನ್ನು ತೆಗೆದು ಹೊಸ ನೀರು ತುಂಬಬೇಕು. ಹೀಗೆ ತೆಗೆದ ನೀರು ಹೂಗಿಡಗಳಿಗೆ ಒಳ್ಳೆಯ ಗೊಬ್ಬರ. ಹಸಿಯಾಗಿ ತಿನ್ನುವ ಸೊಪ್ಪಿನ ಪಾತಿಗೆ ಮಾತ್ರ ಅದನ್ನು ಹಾಕಬಾರದು.

ನಲ್ಲಿಯಲ್ಲಿ ಬರುವ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಅದು ಹಾರಿಹೋಗುತ್ತದೆ. ಕ್ಲೋರಿನ್ ಮತ್ತು ಅಮೋನಿಯ ಸೇರಿದ, ಸುಲಭವಾಗಿ ಹಾರಿಹೋಗದ ಕ್ಲೋರಮೈನ್ ಬಳಸಿದ ನೀರಿಗೆ ಮಾತ್ರ ಈ ಉಪಾಯ ಸಾಲದು. ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ದ್ರಾವಣವನ್ನು ಹಾಕಬೇಕು. ಬೋರ್‌ವೆಲ್ ನೀರು ಗಡಸಾಗಿದ್ದರೆ ಗಾಜಿನ ಮೇಲೂ ಚಿಪ್ಪಿನ ಮೇಲೂ ಬಿಳಿ ಪದರ ಕೂರುತ್ತದೆ. ಅದು ರೋಗವಲ್ಲ, ಗಾಬರಿಪಡಬೇಕಿಲ್ಲ. ಮಳೆನೀರನ್ನೋ ಶುದ್ಧೀಕರಿಸಿದ ನೀರನ್ನೋ ಬೆರೆಸಿದರೆ ಕಡಿಮೆಯಾಗುತ್ತದೆ. ಕರೆಂಟ್ ಹಲವು ಗಂಟೆ ಹೋದಾಗ ಕ್ಯಾನಿಸ್ಟರಿನ ಒಳಗಿನ ನೀರು ಗಾಳಿಯಿಲ್ಲದೆ ಕೊಳೆಯುತ್ತದೆ. ಅಂಥ ದಿನ ಕರೆಂಟ್ ಬಂದ ಕೂಡಲೇ ಅದನ್ನು ಚಾಲೂ ಮಾಡದೆ, ಒಳಗಿನ ನೀರನ್ನು ಚೆಲ್ಲಿ ಆಮೇಲೆ ಚಾಲೂ ಮಾಡುವುದು ಕ್ಷೇಮ.

ಒಣಜಾಗ, ಬಿಸಿಲು, ದೀಪ

ಆಮೆ ಸಾಕುವವರು ಅತಿ ಹೆಚ್ಚಾಗಿ ಕಡೆಗಣಿಸುವ ಭಾಗ ಇದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಸ್ಲೈಡರ್ ಆಮೆ ದಿನದಲ್ಲಿ ಹಲವು ಗಂಟೆ ನೀರಿನಿಂದ ಹೊರಗೆ ಬಂದು ಬಿಸಿಲು ಕಾಯಿಸುತ್ತದೆ. ಅದಕ್ಕೆ ಎಲ್ಲವೂ ಸರಿಯೆನಿಸಿದಾಗ ಕತ್ತನ್ನು ಪೂರ್ತಿ ಹೊರಗೆ ಚಾಚಿ, ಹಿಂಗಾಲುಗಳನ್ನು ಹಿಂದಕ್ಕೆ ನೀಟಾಗಿ ನೀಡಿ, ಬೆರಳುಗಳ ನಡುವಿನ ತೆಳುಚರ್ಮ ಬಿಡಿಸಿಕೊಳ್ಳುವಂತೆ ಪಾದಗಳನ್ನು ಅಗಲಿಸಿ, ಕಣ್ಣು ಅರೆಮುಚ್ಚಿ ಮಲಗುತ್ತದೆ. ನಿಮ್ಮ ಆಮೆ ಹೀಗೆ ಮಲಗುತ್ತಿದ್ದರೆ ಒಣಜಾಗದ ವ್ಯವಸ್ಥೆ ಅದಕ್ಕೆ ಒಪ್ಪಿಗೆಯಾಗಿದೆ ಎಂದು ತಿಳಿಯಬಹುದು. ಅದು ಒಣಜಾಗವನ್ನು ಹತ್ತುತ್ತಲೇ ಇಲ್ಲವೆಂದಾದರೆ, ಜಾಗ ಅಲುಗಾಡುತ್ತಿದೆಯೋ, ಇಳಿಜಾರು ಜಾರುತ್ತಿದೆಯೋ, ದೀಪದ ಶಾಖ ಹೆಚ್ಚಾಗಿದೆಯೋ, ಜನರ ಓಡಾಟ ತೀರ ಹತ್ತಿರವಾಯಿತೋ ಎಂದು ಒಂದೊಂದಾಗಿ ನೋಡಬೇಕು.

ಒಣಜಾಗ ಆಮೆಯ ಭಾರ ತಾಳುವಂತಿರಬೇಕು, ಅಲ್ಲಿ ಅದರ ಹೊಟ್ಟೆಯ ಕೆಳಗೂ ಒದ್ದೆಯಿರಬಾರದು. ದೊಡ್ಡ ಆಮೆಗೆ ಮೀನಿನಂಗಡಿಯ ತೇಲುವ ಹಲಗೆಗಳು ಸಾಲವು. ಇಟ್ಟಿಗೆಗಳನ್ನು ಪೇರಿಸಿ ಮೇಲೆ ಒರಟು ಕಡಪ ಕಲ್ಲು ಇಟ್ಟರೆ ಗಟ್ಟಿಯಾಗಿರುತ್ತದೆ. ಆದರೆ ಇಟ್ಟಿಗೆಗಳ ಸಂದಿಯಲ್ಲಿ ಆಮೆ ತೂರಿ ಸಿಕ್ಕಿಕೊಳ್ಳದಂತೆ ಜೋಡಿಸಬೇಕು. ಈ ಜಾಗದ ಮೇಲೆ ಎರಡು ಬಗೆಯ ದೀಪ ಬೇಕು. ಒಂದು ಶಾಖಕ್ಕೆ: ಆಮೆ ಮಲಗುವ ಜಾಗದಲ್ಲಿ ಉಷ್ಣತೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರುವಂತೆ ದೀಪದ ಎತ್ತರವನ್ನು ಹೊಂದಿಸಿ, ಥರ್ಮಾಮೀಟರ್ ಇಟ್ಟು ಅಳೆಯಬೇಕು. ಇನ್ನೊಂದು ಯುವಿಬಿ ದೀಪ, ಅಂದರೆ ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಸೂಸುವ ದೀಪ. ಯುವಿಬಿ ಕಿರಣ ಚರ್ಮಕ್ಕೆ ತಾಗಿದಾಗ ಮೈಯಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ. ಅದಿಲ್ಲದೆ, ತಿಂದ ಆಹಾರದಲ್ಲಿ ಸುಣ್ಣಾಂಶ ಎಷ್ಟೇ ಇದ್ದರೂ ಮೈಗೆ ಹತ್ತುವುದಿಲ್ಲ. ಮೂಳೆಯಿಂದಲೇ ಸುಣ್ಣ ಕರಗಿ ಚಿಪ್ಪು ಮೆತ್ತಗಾಗುತ್ತದೆ, ಕಾಲುಗಳು ಸೊಟ್ಟಗಾಗುತ್ತವೆ. ಯುವಿಬಿ ದೀಪ ಕಣ್ಣಿಗೆ ಚೆನ್ನಾಗಿಯೇ ಉರಿಯುತ್ತಿರುವಂತೆ ಕಂಡರೂ ಆರು ತಿಂಗಳಿಂದ ಒಂದು ವರ್ಷದೊಳಗೆ ಆ ಕಿರಣಗಳನ್ನು ಸೂಸುವ ಶಕ್ತಿ ಕುಂದುತ್ತದೆ. ಹಾಕಿದ ತಾರೀಖನ್ನು ದೀಪದ ಬುಡದಲ್ಲಿ ಬರೆದಿಟ್ಟು, ಅವಧಿ ಮುಗಿದೊಡನೆ ಬದಲಿಸಬೇಕು. ದೀಪ ಮತ್ತು ಆಮೆಯ ನಡುವಿನ ಅಂತರ ಸಾಮಾನ್ಯವಾಗಿ 25–30 ಸೆಂ.ಮೀ. ಇರಲಿ, ತಯಾರಕರು ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ದಿನಕ್ಕೆ 10–12 ಗಂಟೆ ಉರಿಸಿ, ರಾತ್ರಿ ಎರಡನ್ನೂ ಆರಿಸಬೇಕು.

ಗಾಜು ಯುವಿಬಿ ಕಿರಣಗಳನ್ನು ತಡೆಯುತ್ತದೆ. ಕಿಟಕಿಯ ಗಾಜಿನೊಳಗಿಂದ ಬೀಳುವ ಬಿಸಿಲಿನಿಂದ ಬೆಳಕು ಸಿಗುತ್ತದೆಯೇ ಹೊರತು ಡಿ3 ಸಿಗುವುದಿಲ್ಲ. ಮೇಲಾಗಿ ಬಿಸಿಲಿಗಿಟ್ಟ ಗಾಜಿನ ತೊಟ್ಟಿಯ ನೀರು ಸ್ವಲ್ಪ ಹೊತ್ತಿನಲ್ಲೇ ಕಾದು ಆಮೆ ಸಾಯಬಹುದು. ಕರ್ನಾಟಕದಲ್ಲಿ ಬಿಸಿಲಿಗೆ ಬರವಿಲ್ಲದಿರುವಾಗ, ಬೆಳಗಿನ ಎಳೆಬಿಸಿಲಿನಲ್ಲಿ ಬಾಲ್ಕನಿಯಲ್ಲಿ ನೀರೂ ನೆರಳೂ ಇರುವ ಟಬ್ಬಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟರೆ ಯಾವ ದೀಪವೂ ಕೊಡದಷ್ಟು ಒಳ್ಳೆಯದಾಗುತ್ತದೆ. ಪಕ್ಕದಲ್ಲೇ ಯಾರಾದರೂ ಇರಬೇಕು; ನೋಡುವವರಿಲ್ಲದೆ ಬಿಟ್ಟ ಆಮೆಯನ್ನು ಹದ್ದು ಎತ್ತಿಕೊಂಡು ಹೋಗಲು ಕ್ಷಣ ಸಾಕು.

ನೀರಿನ ಉಷ್ಣತೆ ಬೆಳೆದ ಆಮೆಗೆ 24ರಿಂದ 27 ಡಿಗ್ರಿ, ಮರಿಗಳಿಗೆ ಅದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಿರಬೇಕು. ಮಂಗಳೂರು, ಕಾರವಾರದ ಕರಾವಳಿಯಲ್ಲಿ ವರ್ಷದ ಬಹುಪಾಲು ಹೀಟರ್ ಬೇಕಾಗುವುದಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ, ಮಡಿಕೇರಿ, ಚಿಕ್ಕಮಗಳೂರಿನ ಕಡೆ ಮಳೆಗಾಲದಲ್ಲಿಯೂ, ಹೀಟರ್ ಇಲ್ಲದೆ ಆಗದು. ಆಮೆಯ ಮೈಯ ಬಿಸಿ ಸುತ್ತಲಿನ ನೀರನ್ನೇ ಅವಲಂಬಿಸಿರುವುದರಿಂದ ನೀರು ತಣ್ಣಗಾದರೆ ಜೀರ್ಣಶಕ್ತಿ ನಿಲ್ಲುತ್ತದೆ, ಹೊಟ್ಟೆಯಲ್ಲಿರುವ ಆಹಾರ ಕೊಳೆಯುತ್ತದೆ. ಅದು ಊಟ ಬಿಟ್ಟು ಮಂಕಾಗಿ ಕೂತಿರುವುದನ್ನು ಚಳಿಗಾಲದ ನಿದ್ದೆಯೆಂದು ಭಾವಿಸಿ ಸುಮ್ಮನಿದ್ದರೆ ಶ್ವಾಸಕೋಶದ ಸೋಂಕಿಗೆ ದಾರಿಯಾಗುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಸಮಸ್ಯೆ ತಿರುವುಮುರುವು. ಅಲ್ಲಿ ನೀರು 30 ಡಿಗ್ರಿ ದಾಟದಂತೆ ತೊಟ್ಟಿಯನ್ನು ತಂಪಾದ ಕೋಣೆಗೆ ಸಾಗಿಸಬೇಕು, ನೀರಿನ ಮೇಲೆ ಫ್ಯಾನಿನ ಗಾಳಿ ಬೀಸುವಂತೆ ಮಾಡಬೇಕು, ಶಾಖದ ದೀಪವನ್ನು ಹಗಲಿನ ಹೊತ್ತು ಆರಿಸಬೇಕು.

ಹೀಟರ್ ಗಾಜಿನದಾಗಿದ್ದರೆ ಆಮೆ ಗುದ್ದಿ ಒಡೆಯದಂತೆ ಅದಕ್ಕೆ ಪ್ಲಾಸ್ಟಿಕ್ ಕವಚ ಹಾಕಬೇಕು. ನೀರು ತೆಗೆಯುವ ಮೊದಲು, ತೊಟ್ಟಿಗೆ ಕೈ ಹಾಕುವ ಮೊದಲು, ಪ್ರತಿ ಸಲವೂ ಪ್ಲಗ್ ಕಳಚುವುದನ್ನು ಮರೆಯಬಾರದು.

ಆಹಾರ

ಈ ಜಾತಿಯ ಆಮೆಗಳು ನೀರಿನಲ್ಲಿಯೇ ನುಂಗುತ್ತವೆ. ಅವುಗಳ ನಾಲಗೆ ಹೊರಗೆ ಚಾಚಿಕೊಳ್ಳುವಂಥದಲ್ಲ, ಆದ್ದರಿಂದ ಒಣನೆಲದ ಮೇಲಿಟ್ಟ ಆಹಾರವನ್ನು ಕಚ್ಚಿಕೊಂಡು ನೀರಿಗಿಳಿಯುತ್ತವೆ. ಮರಿಗಳಿಗೆ ದಿನಕ್ಕೊಮ್ಮೆ, ಅಂಗೈ ದಾಟಿ ಬೆಳೆದವಕ್ಕೆ ದಿನ ಬಿಟ್ಟು ದಿನ ಕೊಟ್ಟರೆ ಸಾಕು. ಗುಳಿಗೆಯ (ಪೆಲೆಟ್) ಆಹಾರ ಕೊಡುವಾಗ ಆಮೆಯ ತಲೆಯ ಗಾತ್ರದಷ್ಟು ರಾಶಿ ಒಂದು ಹೊತ್ತಿನ ಊಟ. ನಮ್ಮನ್ನು ಕಂಡೊಡನೆ ಗಾಜಿಗೆ ಬಂದು ಕಾಲು ಬಡಿಯುವುದನ್ನು ಹಸಿವೆಂದು ತಿಳಿದು ಮತ್ತೆ ಮತ್ತೆ ಹಾಕಬಾರದು. ಆಹಾರ ಕಂಡರೆ ಅದು ಯಾವಾಗಲೂ ಹಾಗೆಯೇ ಆಡುತ್ತದೆ. ಅತಿಯಾಗಿ ತಿಂದ ಆಮೆಯ ತೊಡೆಯ ಸಂದಿಯಲ್ಲಿ ಕೊಬ್ಬು ಉಬ್ಬಿ, ಕಾಲುಗಳನ್ನು ಚಿಪ್ಪಿನೊಳಗೆ ಎಳೆದುಕೊಳ್ಳಲೂ ಕಷ್ಟಪಡುತ್ತದೆ.

ಮರಿಯಿದ್ದಾಗ ಮಾಂಸಾಹಾರದ ಕಡೆ ಒಲವು ಹೆಚ್ಚು, ಬೆಳೆದಂತೆ ಸೊಪ್ಪಿನ ಪಾಲು ಅರ್ಧಕ್ಕಿಂತ ಮೇಲಾಗಬೇಕು. ಒಳ್ಳೆಯ ಗುಣಮಟ್ಟದ ಆಮೆ ಗುಳಿಗೆಗಳ ಜೊತೆ ಎರೆಹುಳು, ಆಗಾಗ ಸಣ್ಣ ಸೀಗಡಿ, ಮುಳ್ಳು ಸಹಿತವಾದ ಪುಟ್ಟ ಸಿಹಿನೀರಿನ ಮೀನು ಕೊಡಬಹುದು. ಗೋಲ್ಡ್‌ಫಿಶ್ ಮೀನಿನಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿರುವುದರಿಂದ ಅದನ್ನು ನಿತ್ಯದ ಆಹಾರವಾಗಿಸಬಾರದು. ನಮ್ಮ ಸೊಪ್ಪುಗಳಲ್ಲಿ ನುಗ್ಗೆಸೊಪ್ಪು ಸುಣ್ಣಾಂಶಕ್ಕೆ ಹೆಸರಾದದ್ದು. ಎಳೆಯ ಎಲೆಗಳನ್ನು ಬಿಡಿಸಿ ನೀರಿಗೆ ಹಾಕಿದರೆ ತಿನ್ನುತ್ತವೆ. ತುರಿದ ಕ್ಯಾರೆಟ್, ಸಿಹಿಗುಂಬಳ, ಲೆಟ್ಯೂಸ್ ಎಲೆಗಳೂ ಆಗುತ್ತವೆ. ಪಾಲಕ್, ಬಸಳೆ, ದಂಟುಗಳಲ್ಲಿರುವ ಆಕ್ಸಲೇಟ್ ಸುಣ್ಣಾಂಶವನ್ನು ಹಿಡಿದಿಡುವುದರಿಂದ ಅವನ್ನು ಅಪರೂಪಕ್ಕೆ ಮಾತ್ರ ಕೊಡಬೇಕು. ಮೊದಲ ಕೆಲವು ವಾರ ಆಮೆ ಸೊಪ್ಪನ್ನು ಮೂಸಿಯೂ ನೋಡದಿರಬಹುದು. ಬೆಳೆದ ಆಮೆಯಾದರೆ ಗುಳಿಗೆ ಕೊಡುವ ದಿನಗಳನ್ನು ಕಡಿಮೆ ಮಾಡಿ ಸೊಪ್ಪನ್ನು ನೀರಿನಲ್ಲೇ ಬಿಟ್ಟಿದ್ದರೆ ಒಂದು ದಿನ ತಾನಾಗಿಯೇ ಕಚ್ಚುತ್ತದೆ. ಅನ್ನ, ಚಪಾತಿ, ಬ್ರೆಡ್, ಬಿಸ್ಕತ್ತು, ಹಾಲು, ಉಪ್ಪು ಹಾಕಿ ಬೇಯಿಸಿದ ಪಲ್ಯ ಇವುಗಳಲ್ಲಿ ಯಾವುದೂ ಆಮೆಯ ಆಹಾರವಲ್ಲ.

ಚಿಕ್ಕ ಡಬ್ಬಿಗಳಲ್ಲಿ ಸಿಗುವ ಒಣ ಸೀಗಡಿಯಂಥ ಗ್ಯಾಮರಸ್ ಹುಳುಗಳನ್ನೇ ವರ್ಷಗಟ್ಟಲೆ ತಿಂದ ಆಮೆಗಳಲ್ಲಿ ಎ ಜೀವಸತ್ವದ ಕೊರತೆಯಿಂದ ಕಣ್ಣಿನ ರೆಪ್ಪೆಗಳು ಊದಿ ಮುಚ್ಚಿಕೊಳ್ಳುತ್ತವೆ. ಕಣ್ಣು ಕಾಣದೆ ಅವು ಆಹಾರವನ್ನೂ ಹುಡುಕಲಾರದೆ ಹಸಿದಿರುತ್ತವೆ. ಕಣ್ಣಿಗೆ ಔಷಧದ ಹನಿ ಹಾಕಿದರೆ ಇದು ವಾಸಿಯಾಗದು, ಆಹಾರವೇ ಬದಲಾಗಬೇಕು. ಸುಣ್ಣಾಂಶಕ್ಕೆ ಇನ್ನೊಂದು ಸುಲಭ ಮೂಲ ಸಮುದ್ರನೊರೆ, ಅಂದರೆ ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು. ಲವ್ ಬರ್ಡ್ಸ್ ಸಾಕುವವರು ಪಂಜರದಲ್ಲಿ ತೂಗಿಹಾಕುವ ಬಿಳಿ ತುಂಡು ಇದೇ. ಗ್ರಂಥಿಗೆ ಅಂಗಡಿಗಳಲ್ಲೂ ಸಿಗುತ್ತದೆ. ಬೆನ್ನಿನ ಗಟ್ಟಿ ಪದರವನ್ನು ಕೆತ್ತಿ ತೆಗೆದು ಒಂದು ತುಂಡನ್ನು ನೀರಿನಲ್ಲಿ ತೇಲಿಬಿಟ್ಟರೆ ಆಮೆ ತನಗೆ ಬೇಕಾದಾಗ ಕಚ್ಚಿ ತಿನ್ನುತ್ತದೆ.

ಚಿಪ್ಪು ಮತ್ತು ಆರೋಗ್ಯ

ಚಿಪ್ಪು ಆಮೆಯ ಬೆನ್ನುಮೂಳೆ ಮತ್ತು ಪಕ್ಕೆಲುಬುಗಳೊಡನೆ ಬೆಸೆದುಕೊಂಡಿರುವ ಜೀವಂತ ಮೂಳೆ. ಮುಟ್ಟಿದರೆ ಆಮೆಗೆ ತಿಳಿಯುತ್ತದೆ, ಗಾಯವಾದರೆ ನೋಯುತ್ತದೆ. ಹೊಳಪು ಬರಲೆಂದು ತೆಂಗಿನೆಣ್ಣೆ ಹಚ್ಚುವುದು, ಬಣ್ಣ ಬಳಿಯುವುದು, ಬ್ರಷ್ಷಿನಿಂದ ಬಿರುಸಾಗಿ ತಿಕ್ಕುವುದು ಇವೆಲ್ಲ ಕೆಡುಕು. ಬೆಳೆಯುವ ಕಾಲದಲ್ಲಿ ಚಿಪ್ಪಿನ ಮೇಲಿನ ಒಂದೊಂದು ಫಲಕವೂ ಬೆಳಕು ಹಾಯುವಷ್ಟು ತೆಳುವಾದ ಪೊರೆಯಾಗಿ ಬಿಟ್ಟುಕೊಳ್ಳುತ್ತದೆ. ಬೆಳಕಿಗೆ ಹಿಡಿದರೆ ಅದರಲ್ಲಿ ಚಿಪ್ಪಿನ ಗೆರೆಗಳೆಲ್ಲ ಕಾಣುತ್ತವೆ. ಇದು ಸಹಜ, ಕೈಯಿಂದ ಎಳೆದು ಕೀಳಬಾರದು. ಆದರೆ ಬಿಟ್ಟುಕೊಂಡ ಜಾಗದಲ್ಲಿ ಮೆತ್ತಗಿನ ಹೊಂಡ, ಕೆಟ್ಟ ವಾಸನೆ, ಕೆಂಪು ಅಥವಾ ಕೀವು ಕಂಡರೆ ಅದು ಚಿಪ್ಪು ಕೊಳೆಯುವ ರೋಗ. ವೈದ್ಯರ ಬಳಿ ಒಯ್ಯುವ ತನಕ, ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣಕ್ಕೆ ಬರುವಂತೆ ನೀರಿನಲ್ಲಿ ಬೆರೆಸಿ ಆ ಜಾಗಕ್ಕೆ ಸವರಿ, ದಿನದ ಕೆಲವು ಗಂಟೆ ಬೆಚ್ಚಗಿನ ಒಣ ಡಬ್ಬಿಯಲ್ಲಿ ಇಡಬಹುದು.

ಮೂಗಿನಿಂದ ಗುಳ್ಳೆ ಬರುವುದು, ಬಾಯಿ ತೆರೆದು ಉಸಿರಾಡುವುದು, ಈಜುವಾಗ ಮೈ ಒಂದು ಬದಿಗೆ ವಾಲುವುದು ಇವು ಶ್ವಾಸಕೋಶದ ಸೋಂಕಿನ ಗುರುತುಗಳು. ಒಂದು ದಿನವೂ ತಡಮಾಡಬಾರದು. ಕಣ್ಣಿನ ಹಿಂದೆ, ಕೆಂಪು ಪಟ್ಟೆಯ ಬಳಿ ಗೋಲಿಯಂತೆ ಉಬ್ಬಿದರೆ ಅದು ಕಿವಿಯ ಕೀವು. ಆಮೆಗಳ ಕೀವು ಗಿಣ್ಣಿನಂತೆ ಗಟ್ಟಿಯಾಗಿರುವುದರಿಂದ ಮಾತ್ರೆಯಿಂದ ಕರಗದು, ವೈದ್ಯರು ಕೊಯ್ದು ತೆಗೆಯಬೇಕು. ದನ, ನಾಯಿಗಳನ್ನು ನೋಡುವ ಎಲ್ಲ ಪಶುವೈದ್ಯರಿಗೂ ಆಮೆಗಳ ಪರಿಚಯ ಇರುವುದಿಲ್ಲವಾದ್ದರಿಂದ, ಸರೀಸೃಪಗಳ ಚಿಕಿತ್ಸೆ ಬಲ್ಲವರು ಯಾರೆಂಬುದನ್ನು ಆಮೆ ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ. ಹುಳು ಮತ್ತು ಉಣ್ಣೆಗಳ ನಿವಾರಣೆಗೆ ದನ, ನಾಯಿಗಳಿಗೆ ಕೊಡುವ ಐವರ್‌ಮೆಕ್ಟಿನ್ ಔಷಧ ಆಮೆಗಳಿಗೆ ಪ್ರಾಣಾಂತಕ ವಿಷ. ಯಾರೇ ಚಿಕಿತ್ಸೆ ಮಾಡಲಿ, ಇದನ್ನು ಕೊಡುತ್ತಿಲ್ಲವೆಂದು ವಿನಯದಿಂದ ಕೇಳಿ ಖಚಿತಪಡಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ಒಯ್ಯುವಾಗ ನೀರು ತುಂಬಿದ ಪಾತ್ರೆಯಲ್ಲಿ ಒಯ್ಯಬಾರದು. ಗಾಳಿತೂತುಗಳಿರುವ ಡಬ್ಬಿಯ ತಳಕ್ಕೆ ಒದ್ದೆ ಟವೆಲ್ ಹಾಸಿ ಅದರ ಮೇಲಿಟ್ಟರೆ ಸಾಕು.

ಆಮೆಗಳ ಮೈಮೇಲೆ, ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದುದರಿಂದಲೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಲಾಯಿತು. ಆಮೆಯನ್ನಾಗಲಿ ಅದರ ನೀರನ್ನಾಗಲಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ತೊಟ್ಟಿಯ ಸಾಮಾನುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಲೇಬಾರದು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಕಾಯಿಲೆಯಿಂದ ಬಳಲಿದ ವೃದ್ಧರು ಇರುವ ಮನೆಯವರು ಆಮೆ ತರುವ ಯೋಚನೆಯನ್ನು ಮುಂದಕ್ಕೆ ಹಾಕುವುದೇ ವಿವೇಕ.

ಗಂಡೋ ಹೆಣ್ಣೋ ಎಂಬುದು ಮರಿಯಲ್ಲಿ ತಿಳಿಯದು. ಬೆಳೆದ ಗಂಡಿನ ಮುಂಗಾಲಿನ ಉಗುರುಗಳು ಎದ್ದು ಕಾಣುವಷ್ಟು ಉದ್ದವಿರುತ್ತವೆ, ಬಾಲ ದಪ್ಪವಾಗಿ ನೀಳವಾಗಿರುತ್ತದೆ. ಎರಡು ಗಂಡುಗಳನ್ನು ಒಟ್ಟಿಗಿಟ್ಟರೆ ಕಚ್ಚಾಡುತ್ತವೆ, ಗಂಡು ಹೆಣ್ಣುಗಳನ್ನು ಇಟ್ಟರೆ ಗಂಡು ಹೆಣ್ಣನ್ನು ಬಿಡದೆ ಪೀಡಿಸುತ್ತದೆ. ಈ ಆಮೆಗೆ ಒಂಟಿತನದ ಕೊರಗಿಲ್ಲ, ಒಂದನ್ನೇ ಸಾಕಿ. ಹೆಣ್ಣು ಆಮೆ ಗಂಡಿಲ್ಲದೆಯೂ ಮೊಟ್ಟೆಯಿಡಬಲ್ಲದು ಎಂಬುದನ್ನು ಬಹಳ ಜನ ಅರಿತಿರುವುದಿಲ್ಲ. ಊಟ ಬಿಟ್ಟು, ಚಡಪಡಿಸುತ್ತ, ಒಣಜಾಗವನ್ನು ಹಿಂಗಾಲಿನಿಂದ ಕೆರೆಯತೊಡಗಿದರೆ, ತೇವವಾದ ಮಣ್ಣು–ಮರಳಿನ ಮಿಶ್ರಣವನ್ನು ಗೇಣುದ್ದ ಆಳಕ್ಕೆ ತುಂಬಿದ ದೊಡ್ಡ ಟಬ್ಬಿನಲ್ಲಿ ಬಿಟ್ಟು, ಹತ್ತಿರ ಯಾರೂ ಸುಳಿಯದಂತೆ ನೋಡಿಕೊಳ್ಳಬೇಕು. ಜಾಗ ಸಿಗದೆ ಮೊಟ್ಟೆ ಒಳಗೇ ಉಳಿದರೆ ಆಮೆಯ ಜೀವಕ್ಕೇ ಅಪಾಯ.

ಸಾಕಲಾಗದೆ ಹೋದಾಗ

ವರ್ಗಾವಣೆ, ಚಿಕ್ಕ ಮನೆ, ಮಕ್ಕಳ ಓದು ಹೀಗೆ ಏನೋ ಒಂದು ಕಾರಣದಿಂದ ಆಮೆಯನ್ನು ಇಟ್ಟುಕೊಳ್ಳಲಾಗದ ದಿನ ಬರಬಹುದು. ಆಗ ಅದನ್ನು ಊರ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟರೆ ಪುಣ್ಯ ಬಂತೆಂದು ಅನೇಕರು ಭಾವಿಸುತ್ತಾರೆ. ಸ್ಲೈಡರ್ ಆಮೆ ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಪರಕೀಯ ಜೀವಿಗಳ ಪಟ್ಟಿಯಲ್ಲಿದೆ. ಅದು ಸ್ಥಳೀಯ ಆಮೆಗಳ ಆಹಾರವನ್ನೂ ಬಿಸಿಲು ಕಾಯಿಸುವ ಜಾಗಗಳನ್ನೂ ಕಸಿದುಕೊಳ್ಳುತ್ತದೆ, ತನ್ನ ರೋಗಗಳನ್ನು ಅವುಗಳಿಗೆ ಹಂಚುತ್ತದೆ. ಕೇರಳದ ತ್ರಿಶ್ಶೂರಿನ ಬಳಿ 2018ರಲ್ಲಿ ಇದು ಹೊರಗಿನ ನೀರಿನಲ್ಲಿ ಕಾಣಿಸಿಕೊಂಡ ಮೇಲೆ, ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಜನರಿಂದ ಈ ಆಮೆಗಳನ್ನು ಕೇಳಿ ಪಡೆದು ಸಂಗ್ರಹಿಸುವ ಕೆಲಸಕ್ಕೆ ಇಳಿಯಬೇಕಾಯಿತು. ನಮ್ಮ ಕೆರೆಗಳು ಈಗಾಗಲೇ ಹೊಲಸು ನೀರು ಮತ್ತು ಒತ್ತುವರಿಯಿಂದ ನಲುಗಿವೆ. ಅಲ್ಲಿ ಉಳಿದಿರುವ ನಮ್ಮದೇ ಆಮೆಗಳಿಗೆ ಇನ್ನೊಂದು ಸಂಕಟ ತಂದೊಡ್ಡಬಾರದು.

ಸುತ್ತಲೂ ಕಟ್ಟೆಯಿದ್ದು ಹೊರಗೆ ಹರಿಯದ ಸ್ವಂತ ಕೊಳವುಳ್ಳವರನ್ನು, ಈಗಾಗಲೇ ಆಮೆ ಸಾಕಿ ಬಲ್ಲವರನ್ನು, ಪ್ರಾಣಿರಕ್ಷಣೆಯ ಸಂಸ್ಥೆಗಳನ್ನು ವಿಚಾರಿಸುವುದು ಸರಿಯಾದ ದಾರಿ. ಅರಣ್ಯ ಇಲಾಖೆಯವರಿಂದಲೂ ಸಲಹೆ ಕೇಳಬಹುದು. ಇದಕ್ಕೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ ಮನೆ ಖಾಲಿ ಮಾಡುವ ವಾರದವರೆಗೆ ಕಾಯದೆ ಮೊದಲೇ ಹುಡುಕಲು ತೊಡಗಬೇಕು. ಕೊಡುವಾಗ ಆಮೆಯ ಜೊತೆಗೆ ತೊಟ್ಟಿ, ಫಿಲ್ಟರ್, ದೀಪಗಳನ್ನೂ ಕೊಟ್ಟು, ಅದರ ಅಂದಾಜು ವಯಸ್ಸು, ಚಿಪ್ಪಿನ ಉದ್ದ, ತಿನ್ನುವ ಆಹಾರ, ಹಿಂದೆ ಬಂದ ಕಾಯಿಲೆ, ಯುವಿಬಿ ದೀಪ ಹಾಕಿದ ತಾರೀಖು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಹೊಸ ಮನೆಯವರ ಕೈಗೆ ಕೊಡಿ.